ಕೊಂಡಿ ಹಾಕುವ ಕೈ

ಇಳಕಲ್, 1 ಆಗಸ್ಟ್ 2025, ಶುಕ್ರವಾರ

ಪಂಚಮಿಗೆ ತವರಿಗೆ ಬಂದವಳು ಇನ್ನೂ ಬಾಗಲಕೋಟೆಗೆ ಮರಳಿಲ್ಲ. ಡಬ್ಬಿಯಲ್ಲಿನ ಶೇಂಗಾ ಉಂಡಿ ತಳ ಕಂಡಿವೆ, ಔಷಧದ ಅಂಗಡಿಗೆ ಹಾಕಿದ ರಜೆಯೂ ನಾಳೆಗೆ ಮುಗಿಯುತ್ತದೆ. ಇವತ್ತು ಬೆಳಗ್ಗೆ ಮಗ್ಗದ ಮನೆಯ ಹೊಸ್ತಿಲ ಮೇಲೆ ಕುಳಿತು ಒಂದು ತಾಸು ತಮ್ಮನ ಕೈಯನ್ನೇ ನೋಡಿದೆ. ಅದನ್ನು ಬರೆದಿಡದೆ ಮಲಗಲು ಮನಸ್ಸಾಗುತ್ತಿಲ್ಲ. ಅವನಿಗೆ ಓದಿ ಹೇಳಿ, ಅವನು ಹೂಂ ಎಂದ ಮೇಲೆಯೇ ಇದನ್ನು ಇಲ್ಲಿ ಹಾಕುತ್ತಿದ್ದೇನೆ.

ಅವನು ಕೊಂಡಿ ಹಾಕುತ್ತಿದ್ದ. ಮಗ್ಗಕ್ಕೆ ಉದ್ದಕ್ಕೆ ಬಿಗಿಯುವ ಎಳೆಗಳೇ ಹಾಸು. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎಳೆಗೆ ಎಳೆಯ ಕುಣಿಕೆ ಹಾಕಿ ಎರಡನ್ನೂ ಬೆಸೆಯಬೇಕು. ಕೈ ನಡುಗುವವನಿಗೆ ಅದು ಆಗದ ಕೆಲಸ. ಎರಡು ವರ್ಷ ಅವನಿಂದ ಆಗಿರಲಿಲ್ಲ. ಬೆಳಗ್ಗೆ ಎದ್ದರೆ ಬಸಿಯಲ್ಲಿನ ಚಹಾ ತುಟಿಗೆ ಮುಟ್ಟುವ ಮೊದಲೇ ಚೆಲ್ಲುತ್ತಿತ್ತು. ನಡುಕ ನಿಲ್ಲಬೇಕೆಂದರೆ ಮತ್ತೆ ಕುಡಿಯಬೇಕು, ಕುಡಿದರೆ ಎಳೆ ಕಣ್ಣಿಗೆ ಕಾಣದು. ಅವನ ಪಾಲಿನ ಕೊಂಡಿಯನ್ನೂ ಅವ್ವನೇ ಹಾಕುತ್ತಿದ್ದಳು. ಇವತ್ತು ಅವನ ಹೆಬ್ಬೆರಳು, ತೋರುಬೆರಳುಗಳ ನಡುವೆ ಎಳೆ ಬಂತು, ಹೊರಳಿತು, ಕೂತಿತು. ಮತ್ತೊಂದು. ಮತ್ತೊಂದು. ನಾನು ಉಸಿರು ಬಿಗಿಹಿಡಿದಿದ್ದೆ.

ಹೊರಗೆ ಶಾಲೆಯ ಮಕ್ಕಳು ಘೋಷಣೆ ಕೂಗುತ್ತಾ ಹೋದರು. ಇಂದು ನಮ್ಮ ಮಹಾಂತ ಅಪ್ಪಗಳ ಜನ್ಮದಿನ. ರಾಜ್ಯ ಸರ್ಕಾರ ಇದನ್ನು ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಚಿತ್ತರಗಿ ಸಂಸ್ಥಾನ ಮಠದ ಡಾ. ಮಹಾಂತ ಸ್ವಾಮೀಜಿ 1975ರಲ್ಲಿ ಜೋಳಿಗೆ ಹಿಡಿದು ಮನೆ ಮನೆಗೆ ಹೊರಟರು, ‘ನಿಮ್ಮ ದುಶ್ಚಟಗಳನ್ನು ಇದಕ್ಕೆ ಹಾಕಿ’ ಎಂದು ಬೇಡಿದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಕುಡುಕನ ಮನೆಯನ್ನು ಕಂಡರೆ ಊರೇ ಮುಖ ತಿರುಗಿಸುವಾಗ ಅದೇ ಬಾಗಿಲಿಗೆ ಹೋಗಿ ಕೈಯೊಡ್ಡಿದ್ದು ಸಣ್ಣ ಮಾತಲ್ಲ.

ಆದರೆ ಮಧ್ಯಾಹ್ನ ಊಟಕ್ಕೆ ಕೂತಾಗ ಸೋದರಮಾವ, ‘ಮನಸ್ಸು ಗಟ್ಟಿ ಮಾಡಿದರೆ ಸಾಕು, ಅದಕ್ಕೂ ಗುಳಿಗೆ ಬೇಕೇನು?’ ಎಂದರು. ತಮ್ಮ ತಲೆ ತಗ್ಗಿಸಿ ರೊಟ್ಟಿ ಮುರಿದ. ನನಗೆ ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಯಿತು. ಮಾವ ತಾವೇ ಸಕ್ಕರೆ ಕಾಯಿಲೆಗೆ ದಿನಕ್ಕೆ ಮೂರು ಗುಳಿಗೆ ನುಂಗುತ್ತಾರೆ. ಅವರಿಗೆ ಮನಸ್ಸು ಗಟ್ಟಿ ಮಾಡಿ ಎಂದು ಯಾರೂ ಹೇಳಿಲ್ಲ.

ತಮ್ಮ ದೇವರ ಜಗಲಿಯ ಮುಂದೆ ಮೂರು ಸಲ ಆಣೆ ಮಾಡಿದ್ದ. ಮೂರೂ ಸಲ ನಿಜವಾಗಿಯೇ ಮಾಡಿದ್ದ, ಅವನ ಮುಖ ನೋಡಿದವಳು ನಾನು. ಮೂರನೆಯ ಸಲವೂ ಮುರಿದಾಗ ಅವ್ವ ಯಾರದೋ ಮಾತು ಕೇಳಿ, ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಗುಳಿಗೆಯನ್ನು ವೈದ್ಯರ ಚೀಟಿಯಿಲ್ಲದೆ ತರಿಸಿ, ಪುಡಿ ಮಾಡಿ ಅವನಿಗೆ ಗೊತ್ತಿಲ್ಲದಂತೆ ಸಾರಿನಲ್ಲಿ ಕಲಸಿದಳು. ಆ ರಾತ್ರಿ ಅವನು ಕುಡಿದು ಬಂದ. ಮುಖ, ಕುತ್ತಿಗೆ ಕೆಂಪಾಗಿ ಉರಿದವು. ಎದೆ ಹೊರಗಿನಿಂದಲೇ ಕಾಣುವಷ್ಟು ಬಡಿದುಕೊಳ್ಳುತ್ತಿತ್ತು, ವಾಂತಿ ನಿಲ್ಲಲಿಲ್ಲ. ಜೀವ ಉಳಿದದ್ದು ನಮ್ಮ ಪುಣ್ಯ. ದಿನವಿಡೀ ಔಷಧಗಳ ನಡುವೆ ಕೂರುವ ನಾನು ಅವ್ವನಿಗೆ ಒಂದು ಮಾತು ಮೊದಲೇ ಹೇಳಿರಲಿಲ್ಲ, ಆ ನೋವು ನನ್ನನ್ನು ಬಿಟ್ಟಿಲ್ಲ.

1940ರ ದಶಕದಲ್ಲಿ ಕೋಪನ್‌ಹೇಗನ್‌ನ ಇಬ್ಬರು ವಿಜ್ಞಾನಿಗಳು ಈ ಡೈಸಲ್ಫಿರಾಮನ್ನು ಜಂತುಹುಳುವಿನ ಔಷಧವೆಂದು ಪರೀಕ್ಷಿಸುತ್ತಾ ತಾವೇ ನುಂಗಿದ್ದರು. ಆಮೇಲೆ ಮದ್ಯ ಕುಡಿದಾಗ ಮೈ ಕೆಟ್ಟಿತು, ಗುಟ್ಟು ಹೊರಬಿತ್ತು. ಮದ್ಯ ಒಡೆದು ಉಂಟಾಗುವ ಅಸಿಟಾಲ್ಡಿಹೈಡ್ ಎಂಬ ವಿಷವನ್ನು ದೇಹ ಮುಂದೆ ಕರಗಿಸದಂತೆ ಅದು ತಡೆಯುತ್ತದೆ. ವೈದ್ಯರ ಕಣ್ಣಳತೆಯಲ್ಲಿ, ತಿಳಿದು, ಒಪ್ಪಿ ನುಂಗುವವನಿಗೆ ಅದು ಔಷಧ. ಸಾರಿನಲ್ಲಿ ಕದ್ದು ಬೆರೆಸಿದರೆ ಜೀವಕ್ಕೇ ಅಪಾಯ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ಆಮೇಲೆ ಧಾರವಾಡದ ಮನೋವೈದ್ಯರ ಹತ್ತಿರ ಹೋದೆವು. ಮೊದಲು ಒಳಗಿರಿಸಿಕೊಂಡು ನಡುಕ ಇಳಿಸಿದರು, ಯಕೃತ್ತಿನ ಪರೀಕ್ಷೆ ಮಾಡಿಸಿದರು, ಬಳಿಕ ನಾಲ್ಟ್ರೆಕ್ಸೋನ್ ಬರೆದುಕೊಟ್ಟರು. ದಿನಕ್ಕೊಂದು, 50 ಮಿಲಿಗ್ರಾಂ. ಕುಡಿದಾಗ ಮೆದುಳಿನಲ್ಲಿ ಹಿತ ಹುಟ್ಟಿಸುವ ಬಾಗಿಲನ್ನೇ ಅದು ಮುಚ್ಚುತ್ತದೆ. ‘ಅಕ್ಕಾ, ಸಂಜೆ ಆರಕ್ಕೆ ಒಳಗಿನಿಂದ ಯಾರೋ ಜಗ್ಗುತ್ತಿದ್ದರು, ಈಗ ಜಗ್ಗುವುದು ಕಡಿಮೆಯಾಗಿದೆ’ ಎನ್ನುತ್ತಾನೆ. ಪಂಚಮಿಯ ದಿನ ಗೆಳೆಯರು ಕರೆದಾಗ ಒಂದು ಸಲ ಕಾಲು ಜಾರಿತು. ಮರುದಿನ ಬೆಳಗ್ಗೆ ತಾನಾಗಿಯೇ ಹೇಳಿ ಗುಳಿಗೆ ನುಂಗಿದ. ಅವ್ವ ಬೈಯಲಿಲ್ಲ.

ನಮ್ಮ ಅಂಗಡಿಯಲ್ಲಿ ಸಕ್ಕರೆ ಕಾಯಿಲೆಯ ಔಷಧಗಳಿಗೇ ಒಂದು ಕಪಾಟು ಬೇಕು. ಕುಡಿತದವು ಒಂದು ಸಣ್ಣ ಡಬ್ಬಿಯಲ್ಲಿ ಹಿಡಿಸುತ್ತವೆ. ಅಮೆರಿಕದಂಥ ದೇಶದಲ್ಲೂ ಕುಡಿತದ ಚಟಕ್ಕೆಂದು ಒಪ್ಪಿಗೆ ಪಡೆದವು ಮೂರೇ: ಡೈಸಲ್ಫಿರಾಮ್, 1994ರಲ್ಲಿ ನಾಲ್ಟ್ರೆಕ್ಸೋನ್, 2004ರಲ್ಲಿ ಅಕ್ಯಾಂಪ್ರೊಸೇಟ್. ಅದಾಗಿ 21 ವರ್ಷ. ಅಫೀಮಿನ ಜಾತಿಯ ಚಟಕ್ಕೆ ಮೆಥಡೋನ್, ಬುಪ್ರೆನಾರ್ಫಿನ್ ಇವೆ. ಕೊಕೇನಿಗೆ ಅಂಥ ಒಪ್ಪಿಗೆ ಪಡೆದ ಒಂದೂ ಇಲ್ಲ. ನಮ್ಮ ದೇಶದಲ್ಲಿ ಕುಡಿತದ ತೊಂದರೆಗೆ ನೆರವು ಬೇಕಾದವರು 5.7 ಕೋಟಿ ಎಂದು ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಹೊರಬಂದ ಸಮೀಕ್ಷೆ ಹೇಳಿತ್ತು. ಇಷ್ಟು ಜನರ ಕಾಯಿಲೆಗೆ ಇಷ್ಟೇ ಔಷಧವೇ? ಇದನ್ನು ಕಾಯಿಲೆ ಎಂದೇ ಎಣಿಸದವರು ಹೊಸ ಔಷಧಕ್ಕಾಗಿ ಹಣ ಹಾಕುವುದಾದರೂ ಹೇಗೆ?

ಈ ಫೆಬ್ರುವರಿಯಲ್ಲಿ ಒಂದು ಸುದ್ದಿ ಬಂದಾಗ ನಾನು ಎರಡೆರಡು ಸಲ ಓದಿದೆ. ಸಕ್ಕರೆ ಕಾಯಿಲೆಗೆ, ತೂಕ ಇಳಿಸಲು ಕೊಡುವ ಸೆಮಾಗ್ಲುಟೈಡ್ ಚುಚ್ಚುಮದ್ದನ್ನು ಅಮೆರಿಕದಲ್ಲಿ ಕುಡಿತದ ತೊಂದರೆಯಿದ್ದ 48 ಜನರ ಮೇಲೆ 9 ವಾರ ಪರೀಕ್ಷಿಸಿದ್ದಾರೆ. ಕೆಲವರಿಗೆ ನಿಜವಾದ ಔಷಧ, ಉಳಿದವರಿಗೆ ಬರಿಯ ಸೂಜಿ. ಔಷಧ ಪಡೆದವರ ಹಂಬಲ ತಗ್ಗಿತು, ಕುಡಿದ ದಿನ ಕುಡಿಯುವ ಪ್ರಮಾಣವೂ ಇಳಿಯಿತು. ಕುಡಿಯುವ ದಿನಗಳು ಮಾತ್ರ ಕಡಿಮೆಯಾಗಲಿಲ್ಲ. ಚಿಕ್ಕ ಪರೀಕ್ಷೆ, ಇದನ್ನೇ ನಂಬಿ ಯಾರೂ ಅಂಗಡಿಗೆ ಓಡಿ ಬರಬಾರದು. ಆದರೂ ಮಾವನ ಕಪಾಟಿನಿಂದ ತಮ್ಮನ ಡಬ್ಬಿಗೆ ಒಂದು ಔಷಧ ದಾಟಬಹುದು ಎಂಬ ಆಸೆ ನನ್ನೊಳಗೆ ಕೂತಿದೆ.

ಈಗ ರಾತ್ರಿ ಹತ್ತು. ಸೀರೆಗೆ ಗೋಮಿ ದಡಿ, ಕೆಂಪು ಸೆರಗು. ಮುಕ್ಕಾಲು ಪಾಲು ಕೊಂಡಿ ಮುಗಿದಿದೆ. ದೇವರ ಜಗಲಿಯ ಪಕ್ಕದ ಗೂಡಿನಲ್ಲಿರುವ ಗುಳಿಗೆಯ ಹಾಳೆಯನ್ನು ತಮ್ಮ ಎಣಿಸಿ ತೋರಿಸಿದ, ಇನ್ನೂ ಒಂಬತ್ತು ಇವೆ. ಮುಗಿಯುವ ಮೊದಲು ಇಬ್ಬರೂ ಧಾರವಾಡಕ್ಕೆ ಹೋಗಿ ಬರಬೇಕು.