ರಿಜಿಸ್ಟರಿನಲ್ಲಿ ಏಳು ಹೆಸರು

ದೀಪಾವಳಿ ಕಳೆದು ಒಂದು ವಾರ ಆಗಿತ್ತು. ರಾತ್ರಿ ಊಟ ಮುಗಿಸಿ ಪಾತ್ರೆ ತೊಳೆಯುತ್ತಿದ್ದೆ. ಅಕ್ಕನ ಮಗ ಫೋನ್ ಮಾಡಿದ.

"ಚಿಕ್ಕಮ್ಮ, ಕುದುರೆಮುಖದ ತುದಿಯಲ್ಲಿ ಟೆಂಟ್ ಹಾಕಿ ಒಂದು ರಾತ್ರಿ ಮಲಗ್ಬೇಕು ಅಂತ ಉಂಟು. ನಾವು ಆರು ಜನ. ನಿಮಗೆ ಈ ಪರ್ಮಿಷನ್ ವಿಷಯ ಎಲ್ಲ ಗೊತ್ತುಂಟಲ್ಲ, ಒಂದು ತೆಗೆಸಿಕೊಡಿ."

ನಮ್ಮ ಕುಟುಂಬದಲ್ಲಿ ಕಾಗದಪತ್ರದ ಕೆಲಸ ನನ್ನದೇ. ಮಂಗಳೂರಿನ ಒಂದು ವಿಮಾ ಕಚೇರಿಯಲ್ಲಿ 24 ವರ್ಷದಿಂದ ಅರ್ಜಿ ನೋಡುವುದೇ ಉದ್ಯೋಗ. ಗೆಳತಿಯರ ಜೊತೆ ವರ್ಷಕ್ಕೆ ಎರಡು ಮೂರು ಬಾರಿ ಬೆಟ್ಟ ಹತ್ತುತ್ತೇನೆ. ಟಿಕೆಟ್, ಗುರುತಿನ ಚೀಟಿ, ಫೋನ್ ಎಲ್ಲ ನಾನೇ ನೋಡಿಕೊಳ್ಳುತ್ತೇನೆ. ಹಾಗಾಗಿ ಹುಡುಗ ನನ್ನನ್ನೇ ಕೇಳಿದ.

"ಮೇಲೆ ಮಲಗ್ಲಿಕ್ಕೆ ಬಿಡುದಿಲ್ಲ ಮಾರಾಯ" ಅಂದೆ. ಅವನು ಒಂದು ಲಿಂಕ್ ಕಳಿಸಿದ. ಯಾರೋ ಟ್ರೆಕ್ಕಿಂಗ್ ನಡೆಸುವವರು, "ಶಿಖರದಲ್ಲಿ ಕ್ಯಾಂಪಿಂಗ್, ಪರ್ಮಿಟ್ ನಮ್ಮ ಜವಾಬ್ದಾರಿ" ಅಂತ ಹಾಕಿದ್ದರು. ಅರ್ಧ ದುಡ್ಡು ಮುಂಗಡ ಕೊಡಬೇಕಂತೆ. ಯಾವ ಕಚೇರಿಯ ಅನುಮತಿ, ಯಾರ ಸಹಿ ಅಂತ ನಾನೇ ಮೆಸೇಜ್ ಮಾಡಿ ಕೇಳಿದೆ. ಮೂರು ದಿನ ಕಳೆದರೂ ಉತ್ತರ ಬರಲಿಲ್ಲ. ಆಮೇಲೆ ನನ್ನ ನಂಬರನ್ನೇ ಬ್ಲಾಕ್ ಮಾಡಿದರು. ನನಗೆ ನಿಜವಾಗಿಯೂ ಸಿಟ್ಟು ಬಂತು. ಇಪ್ಪತ್ತೆರಡು ವರ್ಷದ ಮಕ್ಕಳನ್ನು ರಾತ್ರಿ ಹೊತ್ತು ಕಾಡಿನೊಳಗೆ ಕಳ್ಳದಾರಿಯಲ್ಲಿ ನುಗ್ಗಿಸುವುದು ಸಣ್ಣ ವಿಷಯ ಅಲ್ಲ.

ಸಿಟ್ಟಿಗೆ ಇನ್ನೊಂದು ಕಾರಣವೂ ಇದೆ. ಅದನ್ನು ಇಲ್ಲಿಯವರೆಗೆ ಎಲ್ಲೂ ಬರೆದಿಲ್ಲ.

2001ರ ಜನವರಿ. ಕುದುರೆಮುಖದಲ್ಲಿ ಗಣಿ ಇನ್ನೂ ನಡೆಯುತ್ತಿದ್ದ ಕಾಲ. ಅಪ್ಪ ಪಣಂಬೂರಿನಲ್ಲಿ ಅದೇ ಕಂಪೆನಿಯ ಕೆಲಸದಲ್ಲಿದ್ದರು. ನಮ್ಮ ಮನೆ ಕಾವೂರಿನಲ್ಲಿ. ಬೆಟ್ಟದ ಅದಿರು ನೀರಿನ ಜೊತೆ ಕೊಳವೆಯಲ್ಲಿ ಹರಿದು ಕಡಲ ತಡಿಗೆ ಬರುತ್ತದೆ ಅಂತ ಕೇಳಿಕೊಂಡೇ ನಾನು ಬೆಳೆದದ್ದು. ಆ ಕೊಳವೆಯ ಇನ್ನೊಂದು ತುದಿ ನೋಡಬೇಕು ಅಂತ ಆಸೆ. ಕಾಲೇಜಿನ ಐದು ಜನ ಹೊರಟೆವು. ಮನೆಯಲ್ಲಿ ಹೇಳಿದ್ದು ಧರ್ಮಸ್ಥಳಕ್ಕೆ ಅಂತ. ಅರಣ್ಯ ಇಲಾಖೆಯನ್ನು ಕೇಳಬೇಕು ಅನ್ನುವುದು ನಮ್ಮ ತಲೆಗೇ ಬರಲಿಲ್ಲ. ಆ ಕಾಡು 1987ರಲ್ಲೇ ರಾಷ್ಟ್ರೀಯ ಉದ್ಯಾನ ಆಗಿತ್ತು. ಅದೂ ನಮಗೆ ಗೊತ್ತಿರಲಿಲ್ಲ.

ಸಂಜೆ ಹುಲ್ಲುಗಾವಲಿನಲ್ಲಿ, ಶೋಲಾ ಕಾಡಿನ ಅಂಚಿಗೆ ಟೆಂಟ್ ಹಾಕಿದೆವು. ಮೂರು ಕಲ್ಲಿಟ್ಟು ಚಹಾಕ್ಕೆ ನೀರು ಇಟ್ಟೆವು. ಜನವರಿಯಲ್ಲಿ ಅಲ್ಲಿನ ಹುಲ್ಲು ಒಣಗಿ ಸೊಂಟದೆತ್ತರ ನಿಂತಿರುತ್ತದೆ. ಕತ್ತಲಾದ ಹಾಗೆ ಕೆಳಗಿನಿಂದ ಗಾಳಿ ಎದ್ದಿತು. ಒಂದು ಕಿಡಿ ಹಾರಿದ್ದು ನನ್ನ ಕಣ್ಣಿಗೇ ಬಿತ್ತು. ಮಿಂಚುಹುಳದ ಹಾಗೆ ಹೋಗಿ ಹುಲ್ಲಿನ ಬುಡದಲ್ಲಿ ಕೂತಿತು. ಮೊದಲು ಚಟಪಟ ಅಂತ ಸಣ್ಣ ಸದ್ದು. ಆಮೇಲೆ ಒಮ್ಮೆಲೇ ಉರಿ. ಹೊದ್ದುಕೊಳ್ಳಲು ತಂದಿದ್ದ ಚಾದರಗಳನ್ನು ತೊರೆಯಲ್ಲಿ ಅದ್ದಿ ಬಡಿದೆವು. ಎಷ್ಟು ಹೊತ್ತು ಬಡಿದೆವೋ ನೆನಪಿಲ್ಲ. ಗಾಳಿ ತಾನಾಗಿ ನಿಂತಿತು, ಅದಕ್ಕೇ ಆರಿತು. ನಮ್ಮ ಕೈಯಿಂದ ಆರಿದ್ದಲ್ಲ. ಒಬ್ಬ ಹುಡುಗನ ಎಡಗೈ ಮೊಣಕೈವರೆಗೆ ಬೆಂದಿತ್ತು.

ಆ ರಾತ್ರಿ ಪೂರ್ತಿ ಅವನ ಕೈ ಒದ್ದೆ ಬಟ್ಟೆಯಲ್ಲಿ ಸುತ್ತಿ ಕೂತಿದ್ದೆವು. ಮೊಬೈಲ್ ಇರಲಿಲ್ಲ. ನಾವು ಐದು ಜನ ಅಲ್ಲಿದ್ದೇವೆ ಅಂತ ಪ್ರಪಂಚದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬೆಂಕಿಗಿಂತ ಆ ಯೋಚನೆಯೇ ನನ್ನನ್ನು ಜಾಸ್ತಿ ಹೆದರಿಸಿದ್ದು. ಬೆಳಗ್ಗೆ ನೋಡಿದರೆ ನಮ್ಮ ಮನೆಯ ಅಂಗಳದಷ್ಟು ಜಾಗ ಕರಿ ಹಿಡಿದಿತ್ತು. ಮಧ್ಯದಲ್ಲಿ ನಮ್ಮ ಚಹಾದ ಪಾತ್ರೆ.

ಅಕ್ಕನ ಮಗನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಲಿಲ್ಲ. "ಒಂದು ವಾರ ಟೈಮ್ ಕೊಡು" ಅಂದೆ.

ಕುದುರೆಮುಖ ವನ್ಯಜೀವಿ ವಿಭಾಗದ ಕಚೇರಿ ಇರುವುದು ಕಾರ್ಕಳದಲ್ಲಿ. ಬೆಟ್ಟದ ದೊಡ್ಡ ಪಾಲು ಚಿಕ್ಕಮಗಳೂರು ಜಿಲ್ಲೆಯದ್ದು. ಹಾಗಂತ ತುಂಬಾ ಜನ ಅಲ್ಲಿಗೆ ಫೋನ್ ಹಚ್ಚಿ ಸುಸ್ತಾಗುತ್ತಾರೆ. ಅರ್ಧ ದಿನ ರಜೆ ಹಾಕಿ, ಮೂಡುಬಿದಿರೆ ಮೇಲಿನ ಬಸ್ಸು ಹಿಡಿದು ಹೋದೆ. ನನಗೆ ಎದುರಿಗೆ ಕೂತು ಕೇಳುವುದೇ ಅಭ್ಯಾಸ. ಮೇಜಿನ ಹಿಂದೆ ಇದ್ದವರು ನನ್ನ ಅರ್ಜಿಯನ್ನು ಪೂರ್ತಿ ಓದಿದರು.

"ಟೆಂಟಿಗೆ ಅನುಮತಿ ಅಂತ ಬರೆದಿದ್ದೀರಿ. ಉದ್ಯಾನದ ಒಳಗೆ ಬೇಕಾದಲ್ಲಿ ಟೆಂಟ್ ಹಾಕ್ಲಿಕ್ಕೆ ಇಲ್ಲ ಮೇಡಂ. ನಾವೇ ಶಿಬಿರ ಮಾಡಿದ ಜಾಗ ಉಂಟಲ್ಲ, ಅಲ್ಲಿ ಉಳಿಯಬಹುದು. ಉಳಿದ ಕಡೆ ಬೆಳಗ್ಗೆ ಹೋಗಿ ಸಂಜೆಯೊಳಗೆ ಇಳಿಯಬೇಕು."

ಇದು ಅವರು ತಮ್ಮ ಮನಸ್ಸಿಗೆ ಬಂದ ಹಾಗೆ ಹೇಳಿದ್ದಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಕಲಂ ತೆಗೆದು ನೋಡಿ. ಅಭಯಾರಣ್ಯದೊಳಗೆ ಹೋಗಲು ಅಥವಾ ತಂಗಲು ಯಾವ ಯಾವ ಕಾರಣಕ್ಕೆ ಅನುಮತಿ ಕೊಡಬಹುದು ಅಂತ ಪಟ್ಟಿಯೇ ಇದೆ. ವನ್ಯಜೀವಿಗಳ ಅಧ್ಯಯನ, ಫೋಟೋ ತೆಗೆಯುವುದು, ವೈಜ್ಞಾನಿಕ ಸಂಶೋಧನೆ, ಪ್ರವಾಸ, ಒಳಗೆ ವಾಸ ಇರುವವರ ಜೊತೆ ವ್ಯವಹಾರ. ರಾಷ್ಟ್ರೀಯ ಉದ್ಯಾನಕ್ಕೂ ಇದೇ ನಿಯಮ. ಅನುಮತಿ ಕೊಡುವ ಅಧಿಕಾರ ಮುಖ್ಯ ವನ್ಯಜೀವಿ ಪರಿಪಾಲಕರದ್ದು. ಕಪ್ಪೆಯ ಮೇಲೋ ಹಕ್ಕಿಯ ಮೇಲೋ ಸಂಶೋಧನೆ ಮಾಡುವವರ ಅರ್ಜಿ ಬೆಂಗಳೂರಿನ ಮಲ್ಲೇಶ್ವರದ ಅರಣ್ಯ ಭವನದವರೆಗೆ ಹೋಗುತ್ತದೆ. ನಮ್ಮಂಥವರು ಪ್ರವಾಸದ ಬಾಬ್ತಿಗೆ ಬರುವವರು. ಇಲಾಖೆ ತೆರೆದಿಟ್ಟ ದಾರಿ, ತೆರೆದಿಟ್ಟ ಶಿಬಿರ ಇಷ್ಟೇ ನಮಗೆ. 30ನೇ ಕಲಂ ಬೆಂಕಿಯದ್ದು. ಅಭಯಾರಣ್ಯಕ್ಕೆ ಬೆಂಕಿ ಕೊಡುವುದು ಮಾತ್ರ ಅಲ್ಲ, ಕಾಡಿಗೆ ಅಪಾಯ ಆಗುವ ಹಾಗೆ ಬೆಂಕಿ ಉರಿಸಿ ಬಿಟ್ಟು ಬರುವುದೂ ಅಪರಾಧ. ಅದನ್ನು ಓದುವಾಗ ನನಗೆ ಆ ಚಹಾದ ಪಾತ್ರೆ ನೆನಪಾಯಿತು.

ಚಾರಣದ ಟಿಕೆಟ್ ವಿಷಯ ಈಗ ಮೊದಲಿಗಿಂತ ಸುಲಭ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಜನ ಒಟ್ಟಿಗೆ ನುಗ್ಗಿದ್ದು ನಿಮಗೂ ನೆನಪಿರಬಹುದು. ಸುಬ್ರಹ್ಮಣ್ಯದಲ್ಲಿ ಸಾಲು ನಿಂತ ವಿಡಿಯೋ ಎಲ್ಲರ ಫೋನಿನಲ್ಲೂ ಓಡಾಡಿತ್ತು. ಆಮೇಲೆ ಆನ್‌ಲೈನ್ ಟಿಕೆಟ್ ಇಲ್ಲದ ಕಡೆ ಚಾರಣವನ್ನೇ ಸರ್ಕಾರ ನಿಲ್ಲಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ ಅರಣ್ಯ ವಿಹಾರ ಅನ್ನುವ ಜಾಲತಾಣ ಬಂತು. ಒಂದು ದಾರಿಯಲ್ಲಿ ದಿನಕ್ಕೆ 300 ಜನಕ್ಕಿಂತ ಹೆಚ್ಚು ಬಿಡುವುದಿಲ್ಲ. ಶನಿವಾರ, ಭಾನುವಾರ ಬೇಕಿದ್ದರೆ ಬುಕಿಂಗ್ ತೆರೆದ ದಿನವೇ ಕೂರಬೇಕು. ನನ್ನ ಅನುಭವದಲ್ಲಿ ಜನ ತಪ್ಪುವುದು ಹೆಸರಿನಲ್ಲಿ. ಆಧಾರಿನಲ್ಲಿ ಇರುವ ಹಾಗೆಯೇ ಹೆಸರು ಹಾಕಿ. ಮನೆಯಲ್ಲಿ ಕರೆಯುವ ಹೆಸರು ಹಾಕಿದ ಹುಡುಗಿಯೊಬ್ಬಳು ಗೇಟಿನಲ್ಲಿ ಅರ್ಧ ಗಂಟೆ ಕಣ್ಣೀರು ಹಾಕಿದ್ದನ್ನು ನಾನು ನೋಡಿದ್ದೇನೆ. ಇನ್ನೊಂದು ವಿಷಯ. ಬೇಸಿಗೆ ಹತ್ತಿರ ಬಂದ ಹಾಗೆ, ಬೆಂಕಿಯ ಭಯ ಇರುವ ತಿಂಗಳಲ್ಲಿ ದಾರಿಗಳನ್ನು ಮುಚ್ಚುತ್ತಾರೆ. ಜೋರು ಮಳೆಯಲ್ಲೂ ಅಷ್ಟೇ. ಹೊರಡುವ ಹಿಂದಿನ ದಿನ ಮತ್ತೊಮ್ಮೆ ವಿಚಾರಿಸಿ.

ಹುಡುಗರಿಗೆ ನಾನು ಹಾಕಿಕೊಟ್ಟದ್ದು ಹೀಗೆ. ಶನಿವಾರ ರಾತ್ರಿ ಭಗವತಿ ಪ್ರಕೃತಿ ಶಿಬಿರ. ಅದು ಇಲಾಖೆಯದ್ದೇ, ಉದ್ಯಾನದ ಒಳಗೇ ಇದೆ. ಟೆಂಟ್ ಕೂಡ ಉಂಟು. ಭಾನುವಾರ ಕುರಿಂಜಾಲು ಬೆಟ್ಟ. ಅದರ ದಾರಿ ಶಿಬಿರದ ಹತ್ತಿರದಿಂದಲೇ ಶುರು.

"ಕುದುರೆಮುಖ ಅಲ್ವಾ ಹಾಗಾದ್ರೆ?" ಅಂತ ಹುಡುಗ ಮುಖ ಸಣ್ಣ ಮಾಡಿದ. "ಬೇಡ ಅಂದ್ರೆ ಬಿಡು, ಬರುದಾದ್ರೆ ನಾನೂ ಬರ್ತೇನೆ" ಅಂದೆ. ಹಾಗೆ ಆರು ಏಳಾಯಿತು.

ಡಿಸೆಂಬರಿನ ಎರಡನೇ ಶನಿವಾರ. ಬಜಗೋಳಿ ದಾಟಿ ಮಾಳದ ಗೇಟಿನಲ್ಲಿ ಚೀಟಿ ತೆಗೆದುಕೊಂಡೆವು. ಒಳಗೆ ಹೋದ ಹೊತ್ತು ಅದರಲ್ಲಿ ಬರೆದಿರುತ್ತದೆ, ದಾರಿ ಮಧ್ಯೆ ಸುಮ್ನೆ ನಿಲ್ಲಿಸಿಕೊಂಡು ಕೂರುವಂತಿಲ್ಲ. ಘಟ್ಟ ಹತ್ತಿದ ಹಾಗೆ ಕಿಟಕಿಯಿಂದ ಬರುವ ಗಾಳಿಯ ವಾಸನೆಯೇ ಬೇರೆ.

ರಾತ್ರಿ ಶಿಬಿರದಲ್ಲಿ ಗಂಜಿ, ಉಪ್ಪಿನಕಾಯಿ, ಒಂದು ಪಲ್ಯ. ಹುಡುಗರು ಕ್ಯಾಂಪ್‌ಫೈರ್ ಕೇಳಲಿಲ್ಲ. ಯಾಕೆಂದರೆ ಆ ಹೊತ್ತಿಗೆ ನಾನು 2001ರ ಕತೆ ಹೇಳಿ ಮುಗಿಸಿದ್ದೆ. ಯಾರೂ ಮಾತಾಡಲಿಲ್ಲ. ಹೊರಗೆ ಹಳ್ಳದ ಸದ್ದು, ಆಗೊಮ್ಮೆ ಈಗೊಮ್ಮೆ ಯಾವುದೋ ಹಕ್ಕಿ. ಟೆಂಟಿನ ಬಟ್ಟೆಯ ಮೇಲೆ ಮಂಜು ಹನಿಯಾಗಿ ಇಳಿಯುವುದು ಒಳಗೆ ಮಲಗಿದವರಿಗೆ ಕೇಳುತ್ತಿತ್ತು. ಎಷ್ಟೋ ವರ್ಷದ ಮೇಲೆ ನಾನು ಕಾಡಿನಲ್ಲಿ ನಿಶ್ಚಿಂತೆಯಿಂದ ನಿದ್ದೆ ಮಾಡಿದೆ.

ಬೆಳಗ್ಗೆ ಹೊರಡುವ ಮೊದಲು ಗಾರ್ಡ್ ಚೀಲಗಳನ್ನು ಬೆಂಚಿನ ಮೇಲೆ ಇಡಿಸಿದರು. ಐವತ್ತರ ಆಸುಪಾಸಿನವರು. ಒಂದೊಂದೇ ಪೊಟ್ಟಣ ತೆಗೆದು ಎಣಿಸಿದರು. ಬಿಸ್ಕತ್ತು, ಚಾಕಲೇಟು, ನೀರಿನ ಬಾಟಲಿ. ನಾನು ಎಲ್ಲವನ್ನೂ ಸ್ಟೀಲ್ ಡಬ್ಬಿಗೆ ಹಾಕಿಸಿದ್ದೆ. ಆದರೂ ಹುಡುಗರ ಚೀಲದಿಂದ ಹನ್ನೊಂದು ಪ್ಲಾಸ್ಟಿಕ್ ಹೊರಗೆ ಬಂತು. ಅಂಚು ಸುರುಳಿಯಾದ ಉದ್ದದ ರಿಜಿಸ್ಟರ್, ದಾರ ಕಟ್ಟಿದ ಪೆನ್ನು. ಏಳು ಹೆಸರು, ಊರು, ಫೋನ್ ನಂಬರ್, ಮನೆಯವರ ನಂಬರ್, ಹೊರಟ ಹೊತ್ತು. ಕೊನೆಯ ಅಂಕಣದಲ್ಲಿ 11. ಹಿಂದಿರುಗಿದ ಹೊತ್ತಿನ ಅಂಕಣ ಖಾಲಿ.

ಕುರಿಂಜಾಲಿನ ತುದಿಯಲ್ಲಿ ಹಳೇ ಮೈಕ್ರೋವೇವ್ ನಿಲ್ದಾಣದ ಗೋಡೆಗಳು ಉಳಿದಿವೆ. ಗಣಿ ಕಂಪೆನಿಯ ಕಾಲದ್ದು. ಗಣಿ ನಿಂತದ್ದು 2005ರ ಕೊನೆಗೆ, ಸುಪ್ರೀಂ ಕೋರ್ಟಿನ ಆದೇಶದಿಂದ. ಆ ಗೋಡೆಗೆ ಒರಗಿ ಬಾಳೆ ಎಲೆಯ ಪೊಟ್ಟಣ ಬಿಚ್ಚಿ ಅವಲಕ್ಕಿ ತಿಂದೆವು. ಇಲ್ಲಿಂದಲೇ ಅಪ್ಪನ ಕಚೇರಿಗೆ ಸುದ್ದಿ ಹೋಗುತ್ತಿತ್ತೋ ಏನೋ ಅಂತ ನನ್ನಷ್ಟಕ್ಕೆ ಅಂದುಕೊಂಡೆ. ಸುತ್ತ ನೋಡಿದಷ್ಟೂ ಬೆಟ್ಟ, ಬೆಟ್ಟದ ಮಡಿಕೆಯಲ್ಲೆಲ್ಲ ಕಪ್ಪಾಗಿ ಕಾಣುವ ಶೋಲಾ. ಹುಲ್ಲು ಅರ್ಧ ಹಸಿರು, ಅರ್ಧ ಹೊಂಬಣ್ಣ. ಇನ್ನೊಂದು ತಿಂಗಳಿಗೆ ಪೂರ್ತಿ ಒಣಗುತ್ತದೆ.

ಇಳಿಯುವಾಗ ಇಂಬಳ ಒಂದೆರಡು ಹತ್ತಿದ್ದು ಬಿಟ್ಟರೆ ತೊಂದರೆ ಏನೂ ಆಗಲಿಲ್ಲ. ಮಧ್ಯಾಹ್ನ ಎರಡಕ್ಕೆ ಕೆಳಗೆ ಬಂದೆವು. ಗಾರ್ಡ್ ಅದೇ ಬೆಂಚಿನ ಹತ್ತಿರ ಇದ್ದರು. ಮತ್ತೆ ಎಣಿಕೆ. ಹತ್ತು ಸಿಕ್ಕಿತು, ಒಂದು ಇಲ್ಲ.

"ಇನ್ನೊಂದು ಉಂಟು, ನೋಡಿ" ಅಂದರು. ದನಿ ಏರಿಸಲಿಲ್ಲ. ಬೇಕಿದ್ದರೆ ಸಂಜೆವರೆಗೂ ಕಾಯುತ್ತೇನೆ ಅನ್ನುವ ಹಾಗೆ ಕೂತರು. ಕೊನೆಗೆ ನಮ್ಮ ಹುಡುಗನ ಪ್ಯಾಂಟಿನ ಹಿಂದಿನ ಜೇಬಿನಲ್ಲಿ ಮಡಚಿದ ಚಾಕಲೇಟಿನ ಕಾಗದ ಸಿಕ್ಕಿತು. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ.

ಗಾರ್ಡ್ ರಿಜಿಸ್ಟರ್ ತೆರೆದು 11ರ ಮೇಲೆ ಸರಿ ಗುರುತು ಹಾಕಿದರು. ಖಾಲಿ ಅಂಕಣದಲ್ಲಿ ಹೊತ್ತು ಬರೆದರು. ನಮ್ಮ ತಲೆಗಳನ್ನು ಬೆರಳಿನಲ್ಲಿ ಒಂದೊಂದಾಗಿ ಎಣಿಸಿದರು. ಆಮೇಲೆ ಸೊಂಟದಿಂದ ವಾಕಿಟಾಕಿ ತೆಗೆದು ಹೇಳಿದರು: "ಮಂಗಳೂರಿನವರು, ಏಳು. ಏಳೂ ಬಂದ್ರು."