ಕ್ಲಿಪ್ಪಿಲ್ಲದ ಬಾಲ್‌ಪೆನ್: ಕೆಲಸ ಎಲ್ಲಿಗೆ ಬಂತು

ನಾನು ಮಾಡಿಸುತ್ತಿರುವ ಪೆನ್ನಿನ ಒಡಲು ಮತ್ತು ಮೂತಿ ಎರಡೂ ಲೇತಿನಿಂದ ಇಳಿದು ಕೆಲವು ಕಾಲವಾಗಿದ್ದರೂ, ಅವೆರಡು ಸೇರುವ ಜಾಗ ಬಗೆಹರಿಯದೆ ಕೆಲಸ ನಿಂತಿತ್ತು. ಈಗ ಅದಕ್ಕೊಂದು ದಾರಿ ಸಿಕ್ಕಿದೆ.

ನನ್ನ ಮುಂದಿರುವ ಆದರ್ಶ, ಗೆರ್ಡ್ ಎ. ಮ್ಯೂಲರ್ ವಿನ್ಯಾಸಗೊಳಿಸಿ 1966ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಿಂದ ಹೊರಬಂದ ‘ಲಾಮಿ 2000’ ಶಾಯಿಪೆನ್ನು. ಅದರ ಹಿಂಬದಿಯಲ್ಲಿ ಶಾಯಿ ತುಂಬಲು ತಿರುಗಿಸುವ ತಲೆ ಎಲ್ಲಿಂದ ಶುರುವಾಗುತ್ತದೆ ಎಂಬುದು ತಟ್ಟನೆ ಕಣ್ಣಿಗೆ ಬೀಳುವುದಿಲ್ಲ. ಅಲಂಕಾರವನ್ನೆಲ್ಲ ಕಳಚಿದ ವಸ್ತುವಿನಲ್ಲಿ ನೋಡುವವರ ದೃಷ್ಟಿ ನೇರವಾಗಿ ಭಾಗಗಳು ಸೇರುವ ಜಾಗಕ್ಕೇ ಹೋಗುತ್ತದಾದ್ದರಿಂದ, ನಾನೂ ಅದನ್ನು ಅಡಗಿಸಬೇಕೆಂದೇ ಹೊರಟಿದ್ದೆ.

ಪೆನ್ನು 10 ಮಿ.ಮೀ. ದಪ್ಪದ, 135 ಮಿ.ಮೀ. ಉದ್ದದ ನೇರ ಕೊಳವೆ. ಎಲ್ಲೆಡೆ ಸಿಗುವ ಪಾರ್ಕರ್ ಮಾದರಿಯ ರೀಫಿಲ್ ಸುಮಾರು 98 ಮಿ.ಮೀ. ಉದ್ದ, 6 ಮಿ.ಮೀ. ದಪ್ಪ ಇರುವುದರಿಂದ ಒಳಗೆ 6.2 ಮಿ.ಮೀ. ರಂಧ್ರ ಕೊರೆಸಿದ್ದೇನೆ. ಇಡೀ ಪೆನ್ನನ್ನು ಹಿತ್ತಾಳೆಯಲ್ಲಿ ಮಾಡಿದರೆ ತೂಕ 60 ಗ್ರಾಂ ದಾಟುತ್ತದೆ, ಅಲ್ಯೂಮಿನಿಯಮ್ಮಿನಲ್ಲಾದರೆ 20 ಗ್ರಾಂ ಆಸುಪಾಸು. ಹಾಗಾಗಿ ಒಡಲು ಅಲ್ಯೂಮಿನಿಯಂ, ಭಾರ ಕಾಗದದ ಕಡೆಗೆ ಇರಲೆಂದು ಮೂತಿ ಮಾತ್ರ ಹಿತ್ತಾಳೆ.

ತೊಡಕು ಇದ್ದದ್ದು ಇಲ್ಲಿಯೇ. ಕಾರವಾರದ ಉಪ್ಪುಗಾಳಿಯಲ್ಲಿ ಈ ಎರಡು ಲೋಹಗಳು ಒಂದಕ್ಕೊಂದು ತಾಗಿಕೊಂಡಿದ್ದರೆ ಅಲ್ಯೂಮಿನಿಯಂ ಸವೆಯುತ್ತದೆ. ಎಷ್ಟು ಬೇಗ ಎಂದು ತಿಳಿಯಲು ಥ್ರೆಡ್ (ತಿರುಪಿನ ಸುತ್ತುಗೆರೆ) ಹಾಕಿ ಎರಡೂ ಲೋಹಗಳನ್ನು ಜೋಡಿಸಿದ ಪರೀಕ್ಷಾ ತುಂಡೊಂದನ್ನು ಮಳೆಗಾಲದಲ್ಲಿ ಕಡಲಿಗೆ ಮುಖ ಮಾಡಿದ ಕಿಟಕಿಯಲ್ಲಿ ಇಟ್ಟಿದ್ದೆ. ಬಿಚ್ಚಿ ನೋಡಿದಾಗ ಥ್ರೆಡ್ಡಿನ ಸುತ್ತ ಬಿಳಿ ಪುಡಿ ಕೂತಿತ್ತು, ಅಂಚಿನಲ್ಲಿ ಉಗುರಿಗೆ ತಾಗುವಷ್ಟು ಸಣ್ಣ ಗುಳಿಗಳಿದ್ದವು. ಇಲ್ಲಿನ ಬೈತಖೋಲ ಬಂದರಿನ ದೋಣಿಗಳ ಶಾಫ್ಟ್ ತಿರುವುವ ಲೇತ್ ಮೇಸ್ತ್ರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. “ಪ್ರೊಪೆಲ್ಲರ್ ಹತ್ತಿರ ಸತುವಿನ ಗಟ್ಟಿ ಕೂಡಿಸುವುದು ಮತ್ತೆ ಯಾಕೆ ಸರ್? ಬೇರೆಯದು ತಿನ್ನಿಸಿಕೊಳ್ಳಬಾರದು ಅಂತ” ಎಂದರು. ಅಲ್ಲಿ ಸತು ತಾನೇ ಸವೆದು ಉಳಿದ ಲೋಹವನ್ನು ಕಾಯುತ್ತದೆ. ಆದರೆ ಪೆನ್ನಿಗೆ ಸತು ಕಟ್ಟಲಾಗದು, ಲೋಹಗಳನ್ನೇ ದೂರವಿಡಬೇಕು.

ನಡುವೆ ಬರಿಯ ಬಳೆ ಹಾಕಿದರೆ ಸಾಲದು, ಏಕೆಂದರೆ ಒಳಗೆ ಥ್ರೆಡ್ಡುಗಳು ತಾಗಿಯೇ ಇರುತ್ತವೆ. ಆದ್ದರಿಂದ ಕಪ್ಪು ಡೆಲ್ರಿನ್ ಪ್ಲಾಸ್ಟಿಕ್ಕಿನ ಕೊಳವೆಯೊಂದನ್ನು ತಿರುವಿಸಿ, ಅದರ ಒಂದು ತುದಿಯನ್ನು ಒಡಲಿನೊಳಗೆ ಒತ್ತಿ ಕೂರಿಸಿ, ಇನ್ನೊಂದು ತುದಿಯ ಥ್ರೆಡ್ಡಿಗೆ ಮೂತಿಯನ್ನು ತಿರುಗಿಸುವಂತೆ ಮಾಡಿದ್ದೇವೆ. ಡೆಲ್ರಿನ್‌ಗೆ ಅಂಟು ಹಿಡಿಯುವುದು ಕಷ್ಟವಾದ್ದರಿಂದ ಬಿಗಿತವನ್ನೇ ನಂಬಬೇಕು. ಹೊರಗೆ ಕಾಣುವುದು ಅರ್ಧ ಮಿಲಿಮೀಟರಿನ ಕಪ್ಪು ಗೆರೆಯಷ್ಟೇ. ಅಡಗಿಸಬೇಕೆಂದಿದ್ದ ಜಾಗ ಎದ್ದು ಕಾಣುತ್ತಿದೆ ಎಂಬುದು ನಿಜವಾದರೂ ನನಗೆ ಅದರ ಬಗ್ಗೆ ಬೇಸರವಿಲ್ಲ. ಜರ್ಮನಿಯ ಬ್ರೌನ್ ಸಂಸ್ಥೆಯಲ್ಲಿ ವಿನ್ಯಾಸಕಾರರಾಗಿದ್ದ ಡೀಟರ್ ರಾಮ್ಸ್ ಅವರ ಹತ್ತು ಸೂತ್ರಗಳಲ್ಲಿ ವಿನ್ಯಾಸ ಪ್ರಾಮಾಣಿಕವಾಗಿರಬೇಕೆಂಬುದೂ ಒಂದು. ಈ ಗೆರೆಗೆ ಮಾಡಲು ಕೆಲಸವಿದೆ, ಅದು ಅಲಂಕಾರವಲ್ಲ.

ಇನ್ನು ಉಳಿದಿರುವುದು ಮೇಜಿನಿಂದ ಉರುಳದಂತೆ ಒಂದು ಬದಿಯನ್ನು ಚಪ್ಪಟೆ ಮಾಡುವುದು. ಚಪ್ಪಟೆ ಭಾಗ ಒಡಲಿನಿಂದ ಮೂತಿಯವರೆಗೆ ಒಂದೇ ಸಮ ಹರಿಯಬೇಕಾದ್ದರಿಂದ ಮೂತಿಯನ್ನು ಪೂರ್ತಿ ಬಿಗಿದ ಮೇಲೆಯೇ ಮಿಲ್ಲಿಂಗ್ ಮಾಡಿಸುತ್ತೇನೆ. ಕ್ಲಿಪ್ಪನ್ನಾದರೂ ಹಾಕಿಸಿ ಎಂಬ ಮೇಸ್ತ್ರಿಯ ಒತ್ತಾಯಕ್ಕೆ ಸದ್ಯ ಒಪ್ಪಿಲ್ಲ.