ಡಿಸ್ನಿ ವರ್ಲ್ಡ್‌ನಲ್ಲಿ ಲೈಟ್ನಿಂಗ್ ಲೇನ್ ಪಾಸ್: ಎಲ್ಲ ದಿನಕ್ಕೂ ಬೇಡ, ಎಲ್ಲರಿಗೂ ಬೇಡ

ಒರ್ಲ್ಯಾಂಡೊದ ವಾಲ್ಟ್ ಡಿಸ್ನಿ ವರ್ಲ್ಡ್‌ಗೆ ಹಿರಿಯರನ್ನೂ ಮಕ್ಕಳನ್ನೂ ಒಟ್ಟಿಗೆ ಕರೆದುಕೊಂಡು ಹೊರಟವರಿಗೆ, ಪ್ರವೇಶದ ಟಿಕೆಟ್ ಕೊಂಡ ಕೂಡಲೇ ಇನ್ನೊಂದು ಖರ್ಚಿನ ಪ್ರಶ್ನೆ ಏಳುತ್ತದೆ: ಸಾಲು ತಪ್ಪಿಸುವ ಲೈಟ್ನಿಂಗ್ ಲೇನ್ ಪಾಸ್ ಬೇಕೇ, ಬೇಡವೇ? ನಾವು ಅಟ್ಲಾಂಟಾದಿಂದ ಕಾರಿನಲ್ಲಿ ಹೋದವರು ಆರು ಮಂದಿ. ನಾನು, ನನ್ನ ಗಂಡ, ಏಳನೇ ತರಗತಿಯ ಮಗಳು, ಐದು ವರ್ಷದ ಮಗ, ಶಿವಮೊಗ್ಗದಿಂದ ಬಂದಿದ್ದ ಅತ್ತೆ ಮತ್ತು ಮಾವ. ಅಲ್ಲಿ ನಾಲ್ಕು ಪಾರ್ಕುಗಳಿವೆ, ದಿನಕ್ಕೊಂದನ್ನು ನೋಡಿದೆವು. ಮ್ಯಾಜಿಕ್ ಕಿಂಗ್ಡಮ್‌ನ ದಿನ ಆರು ಮಂದಿಗೂ ಪಾಸ್ ಕೊಂಡೆವು. ಹಾಲಿವುಡ್ ಸ್ಟುಡಿಯೋಸ್‌ನ ದಿನ ನಾಲ್ವರಿಗೆ ಮಾತ್ರ. ಅನಿಮಲ್ ಕಿಂಗ್ಡಮ್ ಮತ್ತು ಎಪ್ಕಾಟ್‌ನ ದಿನಗಳಲ್ಲಿ ಇಡೀ ದಿನದ ಪಾಸಿನ ಗೋಜಿಗೇ ಹೋಗಲಿಲ್ಲ. ಮತ್ತೆ ಹೋದರೂ ಹೀಗೆಯೇ ಮಾಡುತ್ತೇನೆ.

ಮೊದಲು ವ್ಯವಸ್ಥೆಯನ್ನು ತಿಳಿದುಕೊಳ್ಳಬೇಕು. 1999ರಲ್ಲಿ ಡಿಸ್ನಿ ಇದರ ಮೊದಲ ರೂಪವಾದ ಫಾಸ್ಟ್‌ಪಾಸ್ ತಂದಾಗ ಅದು ಉಚಿತವಾಗಿತ್ತು. ಹಳೆಯ ಪ್ರವಾಸಿಗರು ಇಂದಿಗೂ ಅದನ್ನೇ ನೆನೆಸಿಕೊಂಡು ಸಲಹೆ ಕೊಡುತ್ತಾರೆ, ಅದನ್ನು ನಂಬಿ ಹೊರಡಬೇಡಿ. 2021ರ ಅಕ್ಟೋಬರ್‌ನಿಂದ ಅದಕ್ಕೆ ದುಡ್ಡು ಕೊಡಬೇಕಾಯಿತು, 2024ರ ಜುಲೈನಲ್ಲಿ ಹೆಸರೂ ನಿಯಮವೂ ಈಗಿನ ರೂಪಕ್ಕೆ ಬಂದವು. ಈಗ ಮುಖ್ಯವಾಗಿ ಎರಡು ಬಗೆ ಇವೆ. ಮಲ್ಟಿ ಪಾಸ್ ಎಂದರೆ ಒಂದು ದಿನಕ್ಕೆ ಕೊಳ್ಳುವ ಪಾಸ್. ಮೊದಲಿಗೆ ಮೂರು ರೈಡ್‌ಗಳಿಗೆ ಸಮಯ ಕಾಯ್ದಿರಿಸಬಹುದು, ಒಂದನ್ನು ಮುಗಿಸಿದ ಹಾಗೆ ಇನ್ನೊಂದನ್ನು ಸೇರಿಸುತ್ತ ಹೋಗಬಹುದು. ಸಿಂಗಲ್ ಪಾಸ್ ಎಂದರೆ ಬಹಳ ಬೇಡಿಕೆಯ ಒಂದೇ ಒಂದು ರೈಡ್‌ಗೆ ಬಿಡಿಯಾಗಿ ಕೊಳ್ಳುವುದು. ಮ್ಯಾಜಿಕ್ ಕಿಂಗ್ಡಮ್‌ನ ಸೆವೆನ್ ಡ್ವಾರ್ಫ್ಸ್ ಮೈನ್ ಟ್ರೈನ್ ಮತ್ತು ಟ್ರಾನ್, ಎಪ್ಕಾಟ್‌ನ ಕಾಸ್ಮಿಕ್ ರಿವೈಂಡ್, ಹಾಲಿವುಡ್ ಸ್ಟುಡಿಯೋಸ್‌ನ ರೈಸ್ ಆಫ್ ದಿ ರೆಸಿಸ್ಟೆನ್ಸ್, ಅನಿಮಲ್ ಕಿಂಗ್ಡಮ್‌ನ ಅವತಾರ್ ಫ್ಲೈಟ್ ಆಫ್ ಪ್ಯಾಸೇಜ್ ಈ ಸಾಲಿಗೆ ಸೇರಿದವು. ಮಾವನವರಿಗೆ ಇದನ್ನು ವಿವರಿಸುವಾಗ, "ತಿರುಪತಿಯ ಮುನ್ನೂರು ರೂಪಾಯಿಯ ದರ್ಶನದ ಟಿಕೆಟ್ ಇದ್ದಂತೆ, ಅಲ್ಲವೇ?" ಎಂದರು. ಹೌದು, ಹೆಚ್ಚುಕಡಿಮೆ ಹಾಗೆಯೇ. ಮೊದಲೇ ಸಮಯ ಹಿಡಿಯಬೇಕು, ಆ ಸಮಯಕ್ಕೆ ಹೋಗಬೇಕು, ಹೋದ ಮೇಲೂ ಸ್ವಲ್ಪ ನಿಲ್ಲಬೇಕು. ಪಾಸ್ ಇದ್ದವರು ನೇರವಾಗಿ ಗಾಡಿ ಹತ್ತುವುದಿಲ್ಲ. ಅವರಿಗೂ ಒಂದು ಸಾಲು ಇರುತ್ತದೆ, ಅದು ಬೇಗ ಕರಗುತ್ತದೆ ಅಷ್ಟೆ.

ಕಾಯ್ದಿರಿಸುವ ಸಮಯವನ್ನು ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಳ್ಳಿ. ಡಿಸ್ನಿಯದೇ ಹೋಟೆಲುಗಳಲ್ಲಿ ತಂಗುವವರು 7 ದಿನ ಮೊದಲು ತಮ್ಮ ಇಡೀ ವಾಸ್ತವ್ಯಕ್ಕೆ ಕಾಯ್ದಿರಿಸಬಹುದು. ಹೊರಗಿನ ಹೋಟೆಲುಗಳಲ್ಲಿ ಇಳಿದುಕೊಳ್ಳುವವರಿಗೆ ಆಯಾ ದಿನಕ್ಕೆ 3 ದಿನ ಮೊದಲು ಅವಕಾಶ. ಎರಡೂ ತೆರೆಯುವುದು ಫ್ಲೋರಿಡಾದ ಬೆಳಗಿನ 7 ಗಂಟೆಗೆ. ಊರಿನಲ್ಲಿ ಕುಳಿತು ಕಾಯ್ದಿರಿಸುವವರಿಗೆ ಅದು ಬೇಸಿಗೆಯಲ್ಲಿ ಸಂಜೆ 4.30, ಅಮೆರಿಕದವರು ಗಡಿಯಾರ ಹಿಂದಿಡುವ ಚಳಿಗಾಲದಲ್ಲಿ ಸಂಜೆ 5.30. ಭಾರತದ ಕ್ರೆಡಿಟ್ ಕಾರ್ಡ್ ಬಳಸುವುದಾದರೆ ವಿದೇಶಿ ವಹಿವಾಟಿಗೆ ಅನುಮತಿಯನ್ನು ಹಿಂದಿನ ದಿನವೇ ಸಕ್ರಿಯಗೊಳಿಸಿ. ಒಳ್ಳೆಯ ಸಮಯಗಳು ಬೆಳಗಿನ ಮೊದಲ ನಿಮಿಷಗಳಲ್ಲೇ ಮುಗಿದುಹೋಗುತ್ತವೆ, ಆಗ ಬ್ಯಾಂಕಿನ ಸಂದೇಶಕ್ಕಾಗಿ ಕಾಯುತ್ತ ಕೂರುವ ಹಾಗಿಲ್ಲ. ಎಲ್ಲರ ಟಿಕೆಟ್‌ಗಳನ್ನೂ ಒಬ್ಬರ ಡಿಸ್ನಿ ಆ್ಯಪ್ ಖಾತೆಗೆ ಮೊದಲೇ ಜೋಡಿಸಿಟ್ಟರೆ ಒಂದೇ ಫೋನಿನಿಂದ ಎಲ್ಲರಿಗೂ ಕಾಯ್ದಿರಿಸಬಹುದು.

ಬೆಲೆ ದಿನಕ್ಕೊಂದು, ಪಾರ್ಕಿಗೊಂದು. ಮಲ್ಟಿ ಪಾಸ್ ಮ್ಯಾಜಿಕ್ ಕಿಂಗ್ಡಮ್‌ನಲ್ಲಿ ಎಲ್ಲಕ್ಕಿಂತ ದುಬಾರಿ, ಅನಿಮಲ್ ಕಿಂಗ್ಡಮ್‌ನಲ್ಲಿ ಎಲ್ಲಕ್ಕಿಂತ ಅಗ್ಗ. ಕ್ರಿಸ್‌ಮಸ್ ವಾರದಲ್ಲಿ ಎಲ್ಲವೂ ಏರುತ್ತವೆ. ತಲೆಗೆ 30 ಡಾಲರ್ ಎಂದು ಹಿಡಿದರೂ ಆರು ಮಂದಿಗೆ 180 ಡಾಲರ್, ಅದರ ಮೇಲೆ ತೆರಿಗೆ. ಊರಿನ ಲೆಕ್ಕದಲ್ಲಿ ಹದಿನೈದು ಸಾವಿರ ರೂಪಾಯಿ ದಾಟುತ್ತದೆ, ಅದೂ ಒಂದೇ ದಿನಕ್ಕೆ. ಆದ್ದರಿಂದಲೇ ನಾಲ್ಕೂ ಪಾರ್ಕುಗಳಿಗೆ ಕಣ್ಣು ಮುಚ್ಚಿ ಕೊಳ್ಳಬೇಡಿ ಎನ್ನುತ್ತೇನೆ. ಪಾಸನ್ನು ಮನೆಮಂದಿಗೆಲ್ಲ ಸಾರಾಸಗಟಾಗಿ ಕೊಳ್ಳಬೇಕಾಗಿಲ್ಲ, ಆ್ಯಪ್‌ನಲ್ಲಿ ಬೇಕಾದವರ ಹೆಸರನ್ನು ಮಾತ್ರ ಆರಿಸಬಹುದು. ಮೂರು ವರ್ಷ ತುಂಬದ ಮಕ್ಕಳಿಗೆ ಟಿಕೆಟ್ಟೂ ಬೇಡ, ಪಾಸೂ ಬೇಡ.

ಹಾಗಾದರೆ ಮ್ಯಾಜಿಕ್ ಕಿಂಗ್ಡಮ್‌ನಲ್ಲಿ ಏಕೆ ಎಲ್ಲರಿಗೂ? ದೊಡ್ಡ ರೋಲರ್ ಕೋಸ್ಟರ್‌ಗಳಿಗೇ ಪಾಸ್ ಬೇಕು, ಅಜ್ಜ ಅಜ್ಜಿಯರು ಅವುಗಳನ್ನು ಹತ್ತುವುದಿಲ್ಲವಾದ್ದರಿಂದ ಅವರಿಗೆ ದಂಡ ಎಂದು ಹಲವರು ತಿಳಿದಿದ್ದಾರೆ. ನನ್ನ ಅಭಿಪ್ರಾಯ ಇದಕ್ಕೆ ತಿರುಗುಮುರುಗು. ಈ ಪಾರ್ಕಿನಲ್ಲಿ ಎತ್ತರದ ಕಟ್ಟುಪಾಡೇ ಇಲ್ಲದ, ಐದು ವರ್ಷದ ಹುಡುಗನೂ ಎಪ್ಪತ್ತರ ಅಜ್ಜಿಯೂ ಪಕ್ಕಪಕ್ಕದಲ್ಲಿ ಕೂರಬಹುದಾದ ರೈಡ್‌ಗಳು ಬೇಕಾದಷ್ಟಿವೆ. ಪೀಟರ್ ಪ್ಯಾನ್ಸ್ ಫ್ಲೈಟ್, ಜಂಗಲ್ ಕ್ರೂಸ್, ಹಾಂಟೆಡ್ ಮ್ಯಾನ್ಷನ್, ಪೈರೇಟ್ಸ್ ಆಫ್ ದಿ ಕೆರಿಬಿಯನ್ ಎಲ್ಲವೂ ಅಂಥವೇ. ಪೀಟರ್ ಪ್ಯಾನ್ ಹಳೆಯ, ಪುಟ್ಟ ರೈಡ್. ಗಂಟೆಗೆ ಕೂರಿಸಿಕೊಳ್ಳುವ ಜನ ಕಡಿಮೆ, ಹತ್ತಬೇಕೆನ್ನುವವರು ಅಪಾರ. ಒಂದು ಗಂಟೆ ನಿಂತು ಮೂರು ನಿಮಿಷದಲ್ಲಿ ಇಳಿಯಬೇಕಾಗುತ್ತದೆ. ಹನ್ನೆರಡು ವರ್ಷದ ಮಗಳು ಆ ಒಂದು ಗಂಟೆ ನಿಲ್ಲಬಲ್ಲಳು. ಮೊಣಕಾಲು ನೋವಿನ ಅತ್ತೆಯವರು ಫ್ಲೋರಿಡಾದ ಜುಲೈ ಸೆಕೆಯಲ್ಲಿ ನಿಲ್ಲಲಾರರು. ನಾವು ದುಡ್ಡು ಕೊಟ್ಟದ್ದು ಅವರು ಮೊಮ್ಮಗನ ಪಕ್ಕದಲ್ಲಿ ಕೂತು ಹಾರುವ ಹಡಗಿನಿಂದ ಲಂಡನ್ ನಗರವನ್ನು ನೋಡಲಿ ಎಂದು. ಅದಕ್ಕೆ ಕೊಟ್ಟ ಹಣದ ಬಗ್ಗೆ ನನಗೆ ಎಳ್ಳಷ್ಟೂ ಬೇಸರವಿಲ್ಲ.

ಮೂರು ರೈಡ್‌ಗಳನ್ನು ಆರಿಸುವಾಗ ಒಂದು ನಿಯಮವಿದೆ. ಅನಿಮಲ್ ಕಿಂಗ್ಡಮ್ ಬಿಟ್ಟು ಉಳಿದ ಪಾರ್ಕುಗಳಲ್ಲಿ ರೈಡ್‌ಗಳನ್ನು ಎರಡು ಗುಂಪು ಮಾಡಿದ್ದಾರೆ. ಹೆಚ್ಚು ಬೇಡಿಕೆಯ ಗುಂಪಿನಿಂದ ಒಂದು, ಇನ್ನೊಂದರಿಂದ ಎರಡು. ಪೀಟರ್ ಪ್ಯಾನ್ ಮತ್ತು ಜಂಗಲ್ ಕ್ರೂಸ್ ಎರಡೂ ಮೊದಲ ಗುಂಪಿನವಾದ್ದರಿಂದ ಆರಂಭದಲ್ಲಿ ಎರಡನ್ನೂ ಹಿಡಿಯಲಾಗುವುದಿಲ್ಲ. ಆದರೆ ಒಳಗೆ ಹೋಗಿ ಮೊದಲ ಪಾಸನ್ನು ಬಳಸಿದ ಮೇಲೆ ಈ ಗುಂಪಿನ ಕಟ್ಟು ಸಡಿಲವಾಗುತ್ತದೆ, ಯಾವುದನ್ನಾದರೂ ಸೇರಿಸಬಹುದು. ಆದ್ದರಿಂದ ಮೂರರಲ್ಲಿ ಒಂದಕ್ಕಾದರೂ ಪಾರ್ಕ್ ತೆರೆದ ಹೊತ್ತಿಗೆ ಹತ್ತಿರದ ಸಮಯ ಹಿಡಿಯಬೇಕು. ಮೊದಲ ಪಾಸನ್ನೇ ಮಧ್ಯಾಹ್ನ ಎರಡಕ್ಕೆ ಇಟ್ಟುಕೊಂಡರೆ ಅಲ್ಲಿಯವರೆಗೆ ಹೊಸದೇನನ್ನೂ ಹಿಡಿಯಲು ಬರುವುದಿಲ್ಲ, ಅರ್ಧ ದಿನ ವ್ಯರ್ಥ. ರೈಡ್‌ನ ಗೇಟಿನಲ್ಲಿ ಟಿಕೆಟ್ ಕಾರ್ಡ್ ತಾಗಿಸಿದ ಕ್ಷಣವೇ, ಸಾಲಿನಲ್ಲಿ ನಡೆಯುತ್ತಲೇ, ಮುಂದಿನದನ್ನು ಕಾಯ್ದಿರಿಸಿ. ಒಂದು ರೈಡ್‌ಗೆ ದಿನಕ್ಕೆ ಒಂದೇ ಸಲ ಪಾಸ್ ಸಿಗುತ್ತದೆ ಎಂಬುದೂ ಗಮನದಲ್ಲಿರಲಿ.

ಇದರಷ್ಟೇ ಮುಖ್ಯವಾದದ್ದು, ಆದರೆ ಜನ ಮರೆಯುವುದು, ಪಾರ್ಕಿನ ನಕ್ಷೆ. ಮ್ಯಾಜಿಕ್ ಕಿಂಗ್ಡಮ್‌ನ ನಡುವಿನ ಕೋಟೆಯ ಸುತ್ತ ಬೇರೆ ಬೇರೆ ಲೋಕಗಳು ಹರಡಿಕೊಂಡಿವೆ. ಸಿಕ್ಕಿತೆಂದು ಹತ್ತೂವರೆಗೆ ಟುಮಾರೋಲ್ಯಾಂಡ್‌ನಲ್ಲಿ ಒಂದು, ಹನ್ನೊಂದೂವರೆಗೆ ಎದುರು ತುದಿಯ ಅಡ್ವೆಂಚರ್‌ಲ್ಯಾಂಡ್‌ನಲ್ಲಿ ಇನ್ನೊಂದು ಹಿಡಿದರೆ ಸಾಲಿನಲ್ಲಿ ತಪ್ಪಿಸಿಕೊಂಡ ಕಾಲುನೋವನ್ನು ನಡೆದಾಟದಲ್ಲಿ ತಂದುಕೊಳ್ಳುತ್ತೀರಿ. ನಾವು ಬೆಳಿಗ್ಗೆ ಇಟ್ಸ್ ಎ ಸ್ಮಾಲ್ ವರ್ಲ್ಡ್, ಅದರ ಎದುರಿಗೇ ಇರುವ ಪೀಟರ್ ಪ್ಯಾನ್, ಅಲ್ಲಿಂದ ನಾಲ್ಕು ಹೆಜ್ಜೆಯ ಹಾಂಟೆಡ್ ಮ್ಯಾನ್ಷನ್ ಎಂದು ಒಂದೇ ಮೂಲೆಯಲ್ಲಿ ಹೆಣೆದೆವು. ಮಧ್ಯಾಹ್ನ ಜಂಗಲ್ ಕ್ರೂಸ್ ಮತ್ತು ಅದರ ನೆರೆಯ ಪೈರೇಟ್ಸ್. ಆ್ಯಪ್ ಮೊದಲು ತೋರಿಸುವ ಸಮಯವನ್ನೇ ಒಪ್ಪಿಕೊಳ್ಳಬೇಕಾಗಿಲ್ಲ, ಬದಲಿಸುವ ಅವಕಾಶ ಉಚಿತ. ಪ್ರತಿ ಪಾಸಿಗೂ ಒಂದು ಗಂಟೆಯ ಅವಧಿ ಇರುತ್ತದೆ. ಕೆಲವು ನಿಮಿಷ ತಡವಾದರೆ ಸಾಮಾನ್ಯವಾಗಿ ಒಳಗೆ ಬಿಡುತ್ತಾರೆ, ಆದರೆ ಅದನ್ನು ನೆಚ್ಚಿಕೊಂಡು ಊಟಕ್ಕೆ ಕೂರಬಾರದು.

ಬೇಸಿಗೆಯಲ್ಲಿ ಹೋಗುವವರು ಮಧ್ಯಾಹ್ನದ ಗುಡುಗು ಮಳೆಗೆ ಸಿದ್ಧರಾಗಿರಿ. ಮಿಂಚು ಹತ್ತಿರ ಬಂದರೆ ಹೊರಗಿನ ರೈಡ್‌ಗಳನ್ನೆಲ್ಲ ನಿಲ್ಲಿಸುತ್ತಾರೆ. ಮಲ್ಟಿ ಪಾಸಿನ ನಿಮ್ಮ ಸಮಯದಲ್ಲಿ ರೈಡ್ ನಿಂತಿದ್ದರೆ ಆ ಪಾಸ್ ಹಾಳಾಗುವುದಿಲ್ಲ. ಅದೇ ದಿನ ಮುಂದೆ ಬಳಸಬಹುದಾದ ಪಾಸಾಗಿ ಬದಲಾಗುತ್ತದೆ, ಆ್ಯಪ್ ಕೊಡುವ ಪಟ್ಟಿಯ ಬೇರೆ ರೈಡ್‌ಗಳಿಗೂ ನಡೆಯುತ್ತದೆ. ಗಾಬರಿಯಾಗದೆ ಹಿರಿಯರನ್ನು ಕ್ಯಾರೊಸೆಲ್ ಆಫ್ ಪ್ರೋಗ್ರೆಸ್ ಅಥವಾ ಹಾಲ್ ಆಫ್ ಪ್ರೆಸಿಡೆಂಟ್ಸ್‌ಗೆ ಕರೆದೊಯ್ಯಿರಿ. ತಣ್ಣನೆಯ ಸಭಾಂಗಣ, ಕೂರಲು ಕುರ್ಚಿ, ಪಾಸಿನ ಅಗತ್ಯವೇ ಇಲ್ಲ. ಮೊದಲನೆಯದು 1964ರ ನ್ಯೂಯಾರ್ಕ್ ವಿಶ್ವ ಮೇಳಕ್ಕಾಗಿ ತಯಾರಾದದ್ದು. ವಿದ್ಯುತ್ ಮನೆಯೊಳಗೆ ಬಂದು ಬದುಕು ಬದಲಾದ ಕಥೆಯನ್ನು ತೋರಿಸುತ್ತದೆ. ಲಾಟೀನಿನ ಬೆಳಕಿನಲ್ಲಿ ಓದಿದ ಮಾವನವರಿಗೆ ಇಡೀ ಪಾರ್ಕಿನಲ್ಲಿ ಅತ್ಯಂತ ಇಷ್ಟವಾದದ್ದು ಅದೇ.

ಹಾಲಿವುಡ್ ಸ್ಟುಡಿಯೋಸ್‌ನ ಲೆಕ್ಕ ಬೇರೆ. ಅಲ್ಲಿ ರೈಡ್‌ಗಳ ಸಂಖ್ಯೆ ಕಡಿಮೆ, ಸಾಲುಗಳು ಉದ್ದ, ರೈಡ್‌ಗಳ ಸ್ವಭಾವವೂ ಒರಟು. ಸ್ಲಿಂಕಿ ಡಾಗ್ ಡ್ಯಾಷ್‌ನ ಸಮಯಗಳು ಎಲ್ಲಕ್ಕಿಂತ ಮೊದಲು ಖಾಲಿಯಾಗುತ್ತವೆ, ಮಕ್ಕಳಿದ್ದವರು ಅದನ್ನೇ ಮೊದಲು ಹಿಡಿಯಬೇಕು. ಅತ್ತೆ ಮಾವ ಅಂದು ಇಂಡಿಯಾನಾ ಜೋನ್ಸ್‌ನ ಸಾಹಸ ಪ್ರದರ್ಶನ ಮತ್ತು ಬ್ಯೂಟಿ ಆ್ಯಂಡ್ ದಿ ಬೀಸ್ಟ್‌ನ ರಂಗಪ್ರದರ್ಶನ ನೋಡಿದರು. ಇವಕ್ಕೂ ಪಾಸ್ ಬಳಸಬಹುದು, ಆದರೆ ಅಷ್ಟು ದೊಡ್ಡ ರಂಗಮಂದಿರಗಳಿಗೆ ಸ್ವಲ್ಪ ಮುಂಚೆ ಹೋದರೆ ಸಾಕು. ರೈಸ್ ಆಫ್ ದಿ ರೆಸಿಸ್ಟೆನ್ಸ್‌ಗೆ ಸಿಂಗಲ್ ಪಾಸ್ ಕೊಂಡೆವು. ಸ್ಟಾರ್ ವಾರ್ಸ್ ಎಂದರೆ ಪ್ರಾಣ ಬಿಡುವ ಮಗಳಿದ್ದಳು, ಆದ್ದರಿಂದ ಅದು ಚರ್ಚೆಯಿಲ್ಲದ ಖರ್ಚು.

ಕೊಳ್ಳುವ ಮೊದಲು ಮಕ್ಕಳ ಎತ್ತರವನ್ನು ಮನೆಯಲ್ಲೇ ಚಪ್ಪಲಿ ಇಲ್ಲದೆ ಅಳೆಯಿರಿ. ಸ್ಲಿಂಕಿ ಡಾಗ್ ಮತ್ತು ಮೈನ್ ಟ್ರೈನ್‌ಗೆ 38 ಇಂಚು, ರೈಸ್ ಆಫ್ ದಿ ರೆಸಿಸ್ಟೆನ್ಸ್‌ಗೆ 40, ಕಾಸ್ಮಿಕ್ ರಿವೈಂಡ್‌ಗೆ 42, ಫ್ಲೈಟ್ ಆಫ್ ಪ್ಯಾಸೇಜ್ ಮತ್ತು ಸ್ಪೇಸ್ ಮೌಂಟನ್‌ಗೆ 44, ಟ್ರಾನ್‌ಗೆ 48. ನನ್ನ ಮಗ 41 ಇಂಚು. ಬಾಗಿಲಲ್ಲಿ ಅಳತೆಗೋಲು ಹಿಡಿದು ನಿಂತವರು ಕಾಲು ಇಂಚನ್ನೂ ಬಿಡುವುದಿಲ್ಲ. ಮಗು ಹತ್ತಲಾರದ ರೈಡ್‌ಗಳಲ್ಲಿ ರೈಡರ್ ಸ್ವಿಚ್ ಎಂಬ ಉಚಿತ ಅನುಕೂಲವಿದೆ. ಒಬ್ಬ ಪೋಷಕರು ಮಗುವಿನೊಂದಿಗೆ ಹೊರಗೆ ಉಳಿದು, ಮೊದಲ ತಂಡ ಹಿಂದಿರುಗಿದ ಮೇಲೆ ಸಾಮಾನ್ಯ ಸಾಲಿನಲ್ಲಿ ಮತ್ತೆ ಕಾಯದೆ ಹೋಗಬಹುದು. ಪ್ರವೇಶದಲ್ಲಿರುವ ಸಿಬ್ಬಂದಿಗೆ ನೀವಾಗಿಯೇ ಹೇಳಬೇಕು, ಅವರಾಗಿ ಕೇಳುವುದಿಲ್ಲ.

ಅನಿಮಲ್ ಕಿಂಗ್ಡಮ್‌ಗೆ ಬೆಳಿಗ್ಗೆ ಬೇಗ ಹೋಗಿ ಕಿಲಿಮಂಜಾರೋ ಸಫಾರಿ ಮುಗಿಸಿದರೆ ಮಲ್ಟಿ ಪಾಸಿನ ಅಗತ್ಯ ಬೀಳುವುದಿಲ್ಲ. ಫ್ಲೈಟ್ ಆಫ್ ಪ್ಯಾಸೇಜ್ ಒಂದಕ್ಕೆ ಸಿಂಗಲ್ ಪಾಸ್ ಸಾಕು. ಅಲ್ಲಿನ ಏಷ್ಯಾ ಭಾಗವನ್ನು ಆನಂದಪುರ ಎಂಬ ಕಾಲ್ಪನಿಕ ಊರಾಗಿ ಕಟ್ಟಿದ್ದಾರೆ. ಸಾಗರ ತಾಲ್ಲೂಕಿನ ನಿಜವಾದ ಆನಂದಪುರದಲ್ಲಿ ನೆಂಟರಿರುವ ನಮ್ಮ ಮಾವ ಫಲಕದ ಕೆಳಗೆ ನಿಂತು ಫೋಟೊ ತೆಗೆಸಿಕೊಂಡು ಕೂಡಲೇ ಅವರಿಗೆ ಕಳುಹಿಸಿದರು. ಹುಲಿಗಳಿರುವ ಮಹಾರಾಜಾ ಜಂಗಲ್ ಟ್ರೆಕ್‌ನಲ್ಲಿ ಸಾಲೂ ಇಲ್ಲ, ಶುಲ್ಕವೂ ಇಲ್ಲ. ಎಪ್ಕಾಟ್‌ನಲ್ಲಿಯೂ ಹನ್ನೊಂದು ದೇಶಗಳ ಅಂಗಳಗಳನ್ನು ಸುತ್ತಲು ಪಾಸ್ ಬೇಡ.

ಹಿರಿಯರಿಗೆ ಪಾಸಿನ ಜೊತೆ ಗಾಲಿಕುರ್ಚಿಯನ್ನೂ ಯೋಚಿಸಿ. ಪ್ರವೇಶದ್ವಾರದ ಬಳಿಯೇ ಬಾಡಿಗೆಗೆ ಸಿಗುತ್ತದೆ, ಬಹುಪಾಲು ಸಾಲುಗಳೊಳಗೆ ಅದನ್ನು ತಳ್ಳಿಕೊಂಡು ಹೋಗಬಹುದು. ಗಾಲಿಕುರ್ಚಿ ಇದ್ದರೆ ಸಾಲು ತಪ್ಪುತ್ತದೆ ಎಂಬುದು ತಪ್ಪು ನಂಬಿಕೆ, ಕಾಯುವಾಗ ಕೂರಬಹುದು ಅಷ್ಟೆ. ಅತ್ತೆಯವರು ಮೊದಲು "ನಾನೇನು ರೋಗಿಯೇ?" ಎಂದು ಒಪ್ಪಲಿಲ್ಲ. ಮಧ್ಯಾಹ್ನದ ಹೊತ್ತಿಗೆ ತಾವೇ ಕೇಳಿ ಕೂತರು. ಮನೆಯ ಊಟ ಒಯ್ಯಲು ಅಡ್ಡಿಯಿಲ್ಲ, ಗಾಜಿನ ಡಬ್ಬಿ ಮಾತ್ರ ಬೇಡ. ನಮ್ಮ ಪುಳಿಯೋಗರೆ, ಚಪಾತಿಗಳನ್ನು ತಪಾಸಣೆಯವರು ನೋಡಿ ಒಳಗೆ ಬಿಟ್ಟರು. ತಿಂಡಿ ಕೌಂಟರ್‌ಗಳಲ್ಲಿ ಕೇಳಿದರೆ ಐಸ್ ನೀರು ಉಚಿತ. ದಿನವಿಡೀ ಆ್ಯಪ್ ನೋಡುವ ಫೋನಿಗೆ ಪವರ್ ಬ್ಯಾಂಕ್ ಇಲ್ಲದೆ ಹೊರಡಬೇಡಿ.

ಪ್ರೀಮಿಯರ್ ಪಾಸ್ ಎಂಬ ಮೂರನೆಯ ಬಗೆಯೂ ಇದೆ. ಸಮಯ ಕಾಯ್ದಿರಿಸದೆ ಪಾರ್ಕಿನ ಪ್ರತಿ ಲೈಟ್ನಿಂಗ್ ಲೇನ್‌ಗೂ ಒಮ್ಮೆ ಹೋಗಬಹುದು. 2024ರಲ್ಲಿ ಅದು ಬಂದಾಗಲೇ ತಲೆಗೆ, ದಿನಕ್ಕೆ 129ರಿಂದ 449 ಡಾಲರ್ ಇತ್ತು. ಕುಟುಂಬವಿದ್ದವರು ಅದರತ್ತ ನೋಡುವುದೂ ಬೇಡ.

ದುಡ್ಡು ಕೊಡದೆ ಸಾಲು ಕಡಿಮೆ ಮಾಡಿಕೊಳ್ಳಲು ದಿನದ ಎರಡು ತುದಿಗಳಿವೆ. ಡಿಸ್ನಿ ಹೋಟೆಲಿನಲ್ಲಿ ತಂಗಿದವರಿಗೆ ಬೆಳಿಗ್ಗೆ ಅರ್ಧ ಗಂಟೆ ಮುಂಚಿತವಾಗಿ ಪ್ರವೇಶ ಸಿಗುತ್ತದೆ. ಮ್ಯಾಜಿಕ್ ಕಿಂಗ್ಡಮ್‌ಗೆ ಕಾರಿನಲ್ಲಿ ಬರುವವರು, ನಿಲ್ದಾಣದಿಂದ ಮಾನೊರೈಲು ಅಥವಾ ದೋಣಿಯಲ್ಲಿ ಕೆರೆ ದಾಟಬೇಕಾದ್ದರಿಂದ, ಮುಕ್ಕಾಲು ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಬೇಕು. ಇನ್ನೊಂದು ತುದಿ ರಾತ್ರಿಯದು. ಪಟಾಕಿ ಪ್ರದರ್ಶನ ನಡೆಯುವಾಗ ಜನರೆಲ್ಲ ಕೋಟೆಯ ಮುಂದೆ ಸೇರುತ್ತಾರೆ, ಆಗ ಸಾಲುಗಳು ಇಳಿಯುತ್ತವೆ. ಪಾರ್ಕ್ ಮುಚ್ಚುವ ನಿಮಿಷದೊಳಗೆ ಸಾಲಿಗೆ ಸೇರಿದವರನ್ನು ಹತ್ತಿಸಿಯೇ ಕಳುಹಿಸುತ್ತಾರೆ. ಮಾವ ಅತ್ತೆಯವರನ್ನೂ ನಿದ್ದೆ ಹತ್ತಿದ ಮಗನನ್ನೂ ನನ್ನ ಗಂಡ ಹೋಟೆಲಿಗೆ ಕರೆದೊಯ್ದ ಮೇಲೆ ನಾನೂ ಮಗಳೂ ಮೈನ್ ಟ್ರೈನ್‌ನ ಸಾಮಾನ್ಯ ಸಾಲಿಗೆ ಸೇರಿದ್ದು ಹಾಗೆಯೇ. ಆ ರೈಡ್‌ನ ಸಿಂಗಲ್ ಪಾಸಿನ ಹಣ ಉಳಿಯಿತು.